ಹಿಮ ಬಿದ್ದದ್ದು ಕಾಂಕ್ರೀಟಿಗೆ ಹೇಗೆ ಗೊತ್ತಾಗುತ್ತದೆ?

ಟೊರಾಂಟೊ, ಡೆಟ್ರಾಯಿಟ್, ಮಿನಿಯಾಪೊಲಿಸ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅಲ್ಲಿ ಯಾರೋ ಬಾಳಿ ಬಿಟ್ಟ ಮನೆಯನ್ನು ಕೊಂಡಾಗ ಕೆಲವೊಮ್ಮೆ ಗ್ಯಾರೇಜಿನ ಗೋಡೆಯ ಮೇಲೆ ಪುಟ್ಟ ದೀಪಗಳಿರುವ ಪೆಟ್ಟಿಗೆಯೊಂದು ಕಣ್ಣಿಗೆ ಬೀಳುತ್ತದೆ. ವಿಚಾರಿಸಿದರೆ, 'ಅದು ಡ್ರೈವ್‌ವೇಯ ಹಿಮ ಕರಗಿಸುವುದು, ತಾನಾಗಿಯೇ ನಡೆಯುತ್ತದೆ, ಮುಟ್ಟಬೇಡಿ' ಎಂಬ ಉತ್ತರ ಬರುತ್ತದೆ. ಮುಟ್ಟದಿರುವುದು ಸರಿಯೇ. ಆದರೆ ತಾನಾಗಿಯೇ ನಡೆಯುವುದು ಎಂದರೇನೆಂದು ತಿಳಿದಿದ್ದರೆ, ಅದು ನಡೆಯದ ದಿನ ಗಾಬರಿಯಾಗುವುದಿಲ್ಲ. ಬೇಡದಿದ್ದಾಗಲೂ ನಡೆಯುತ್ತಿದ್ದರೆ ಬಿಲ್ ಬರುವ ಮೊದಲೇ ಗೊತ್ತಾಗುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಹೈಸ್ಕೂಲಿನ ವಿಜ್ಞಾನ ಪಾಠ ಮಸುಕಾಗಿ ನೆನಪಿದ್ದರೂ ಸಾಕು, ನಿಧಾನವಾಗಿ ಒಂದೊಂದೇ ಹೆಜ್ಜೆ ಇಡೋಣ.

ಮೊದಲು ನೆಲದೊಳಗೆ ಏನಿದೆ ನೋಡೋಣ. ಕಾಂಕ್ರೀಟ್ ಹಾಕುವಾಗಲೇ, ಮೇಲ್ಮೈಯಿಂದ 5ರಿಂದ 7.5 ಸೆಂಟಿಮೀಟರ್ ಆಳದಲ್ಲಿ, ಹಾವಿನಂತೆ ಸುತ್ತಿ ಸುತ್ತಿ ಕೇಬಲ್ ಹಾಸಿರುತ್ತಾರೆ. ಕರೆಂಟ್ ಹರಿದರೆ ಕೇಬಲ್ ಬಿಸಿಯಾಗುತ್ತದೆ, ಆ ಬಿಸಿ ಕಾಂಕ್ರೀಟಿನ ಮೂಲಕ ಮೇಲಕ್ಕೆ ಬರುತ್ತದೆ, ಹಿಮ ಕರಗಿ ನೀರಾಗಿ ಇಳಿಜಾರಿನ ಕಡೆ ಹರಿದುಹೋಗುತ್ತದೆ. ಕೇಬಲ್ ಬದಲು ಕೊಳವೆ ಹಾಸಿ ಬಿಸಿನೀರು ಹರಿಸುವ ವಿಧಾನವೂ ಇದೆ. ಅಮೆರಿಕದ ಆರೆಗನ್ ರಾಜ್ಯದ ಕ್ಲಾಮತ್ ಫಾಲ್ಸ್ ಊರಿನಲ್ಲಿ 1948ರಲ್ಲೇ ಭೂಮಿಯೊಳಗಿನ ಬಿಸಿನೀರಿನ ಶಾಖದಿಂದ ರಸ್ತೆಯ ಹಿಮ ಕರಗಿಸಿದ್ದರು. ಮಿಷಿಗನ್‌ನ ಹಾಲೆಂಡ್ ಎಂಬ ಊರಿನ ಪೇಟೆಬೀದಿಗಳು 1988ರಿಂದ ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗಿ ಹೋಗುತ್ತಿದ್ದ ಶಾಖದಿಂದ ಬೆಚ್ಚಗಿವೆ. ಅಲ್ಲೆಲ್ಲ ಶಾಖ ಬಹುಮಟ್ಟಿಗೆ ಬಿಟ್ಟಿ ಸಿಗುವಂಥದ್ದು. ನಮ್ಮ ಗ್ಯಾರೇಜಿನ ಪೆಟ್ಟಿಗೆಯ ಕಥೆ ಹಾಗಲ್ಲ. ಇಲ್ಲಿ ಪ್ರತಿ ಯೂನಿಟ್ಟಿಗೂ ದುಡ್ಡು ಕೊಡಬೇಕು, ಆದ್ದರಿಂದ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಎಷ್ಟು ದುಡ್ಡು ಎಂಬುದಕ್ಕೆ ಒಂದು ಲೆಕ್ಕ ಹಾಕಬೇಕು. ದಯವಿಟ್ಟು ಇದನ್ನು ಹಾರಿಸಿಬಿಡಬೇಡಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು 334 ಕಿಲೋಜೂಲ್ ಶಾಖ ಬೇಕು. ಉಷ್ಣತೆ ಒಂದು ಡಿಗ್ರಿಯೂ ಏರಿಲ್ಲ, ಆದರೂ ಅಷ್ಟು ಶಾಖ ಒಳಗೆ ಹೋಗಿದೆ. ಪಾಠದಲ್ಲಿ ಇದನ್ನೇ ಗುಪ್ತೋಷ್ಣ ಎಂದು ಓದಿದ್ದೆವು. ಅಷ್ಟೇ ಶಾಖದಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು. ಈಗ ಗಂಟೆಗೆ ಎರಡೂವರೆ ಸೆಂಟಿಮೀಟರ್ ಹಿಮ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಹೊಸದಾಗಿ ಬಿದ್ದ ಹಿಮದಲ್ಲಿ ಗಾಳಿಯೇ ಹೆಚ್ಚು. ನೀರಿನ ಹತ್ತನೇ ಒಂದು ಭಾಗದಷ್ಟು ತೂಕ ಎಂದುಕೊಂಡರೆ, ಒಂದು ಚದರ ಮೀಟರ್ ಮೇಲೆ ಗಂಟೆಗೆ ಎರಡೂವರೆ ಕಿಲೋ ಹಿಮ ಬೀಳುತ್ತದೆ. ಅದನ್ನು ಕರಗಿಸಲು ಸುಮಾರು 230 ವ್ಯಾಟ್ ಬೇಕು. ಗಾಳಿ ಹೊತ್ತೊಯ್ಯುವ ಶಾಖ, ಕೆಳಗಿನ ಮಣ್ಣಿಗೆ ಇಳಿಯುವ ಶಾಖ, ನೀರು ಆವಿಯಾಗಲು ತೆಗೆದುಕೊಳ್ಳುವ ಶಾಖ ಎಲ್ಲ ಸೇರಿಸಿದರೆ ಚದರ ಮೀಟರಿಗೆ 300ರಿಂದ 500 ವ್ಯಾಟ್‌ವರೆಗೆ ಇಟ್ಟುಕೊಳ್ಳುವುದು ರೂಢಿ. 50 ಚದರ ಮೀಟರ್ ಡ್ರೈವ್‌ವೇಗೆ 400 ವ್ಯಾಟಿನಂತೆ ಹಿಡಿದರೆ 20 ಕಿಲೋವ್ಯಾಟ್ ಆಯಿತು.

ಅಂದರೆ ಗಂಟೆಗೆ 20 ಯೂನಿಟ್. ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ಇಡೀ ತಿಂಗಳಿಗೆ ಇರುವ ಮಿತಿ 200 ಯೂನಿಟ್. ಈ ಡ್ರೈವ್‌ವೇ ಅದನ್ನು ಒಂದೇ ರಾತ್ರಿಯ ಹತ್ತು ಗಂಟೆಗಳಲ್ಲಿ ಮುಗಿಸುತ್ತದೆ.

ಇಷ್ಟೆಲ್ಲ ಖರ್ಚು ಮಾಡಿ ಯಾಕೆ ಕರಗಿಸಬೇಕು ಎಂದು ನೀವು ಕೇಳಬಹುದು. ಸಲಿಕೆ ಹಿಡಿದು ಹಿಮ ಎತ್ತುವ ಕೆಲಸ ವಯಸ್ಸಾದವರ ಹೃದಯಕ್ಕೂ ಸೊಂಟಕ್ಕೂ ಒಳ್ಳೆಯದಲ್ಲ. ಉಪ್ಪು ಎರಚಿದರೆ ಕಾರಿನ ತಳ ತುಕ್ಕು ಹಿಡಿಯುತ್ತದೆ, ಕಾಂಕ್ರೀಟಿನ ಮೇಲ್ಪದರ ಏಳುತ್ತದೆ, ಕರಗಿದ ಉಪ್ಪು ಹಳ್ಳ ಕೆರೆಗಳಿಗೆ ಸೇರುತ್ತದೆ. ಚಳಿ ಮೈನಸ್ ಒಂಬತ್ತು ಹತ್ತು ಡಿಗ್ರಿ ದಾಟಿದ ಮೇಲೆ ಸಾದಾ ಉಪ್ಪಿನ ಪ್ರಭಾವವೂ ತೀರ ಕಡಿಮೆ. ಆಸ್ಪತ್ರೆಯ ರ‍್ಯಾಂಪ್, ವೃದ್ಧರ ಮನೆಯ ಮೆಟ್ಟಿಲು, ಕಡಿದಾದ ಇಳಿಜಾರು, ಇಂಥ ಕಡೆ ಬಿಸಿ ನೆಲ ಶೋಕಿಯ ಮಾತಲ್ಲ.

ಹಾಗಾದರೆ ಪೆಟ್ಟಿಗೆಯ ಕೆಲಸವೇನು? ನಾವೇ ಒಂದು ಕಂಟ್ರೋಲರ್ ಕಟ್ಟುತ್ತ ಹೋಗೋಣ, ಆಗ ಅದರ ಪ್ರತಿಯೊಂದು ಭಾಗವೂ ಯಾಕೆ ಬಂತೆಂದು ತಿಳಿಯುತ್ತದೆ.

ಎಲ್ಲಕ್ಕಿಂತ ಸರಳವಾದದ್ದು ಒಂದು ಸ್ವಿಚ್. ಹಿಮ ಬಿದ್ದಾಗ ನಾವೇ ಹಾಕುವುದು, ನಿಂತ ಮೇಲೆ ಆರಿಸುವುದು. ಹಿಮ ನಡುರಾತ್ರಿ ಎರಡಕ್ಕೆ ಶುರುವಾದರೆ? ಆರಿಸುವುದನ್ನು ಮರೆತು ಆಫೀಸಿಗೆ ಹೋದರೆ? ಗಂಟೆಗೆ 20 ಯೂನಿಟ್ ಎಂಬುದನ್ನು ನೆನಪಿಡಿ.

ಸರಿ, ಥರ್ಮೋಸ್ಟಾಟ್ ಹಾಕೋಣ. ಚಳಿ ಸೊನ್ನೆಯ ಹತ್ತಿರ ಬಂದರೆ ಹತ್ತಿಕೊಳ್ಳಲಿ. ಆದರೆ ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಉಷ್ಣತೆ ಬಹುಪಾಲು ಸೊನ್ನೆಯ ಕೆಳಗೇ ಇರುತ್ತದೆ. ಆಕಾಶ ತಿಳಿಯಾಗಿ, ಬಿಸಿಲು ಕಣ್ಣು ಕುಕ್ಕುತ್ತಿರುವ ಎಷ್ಟೋ ದಿನ ಮೈನಸ್ ಹದಿನೈದು ಇರುತ್ತದೆ, ಒಂದು ಹರಳು ಹಿಮವೂ ಬೀಳುವುದಿಲ್ಲ. ಚಳಿಯನ್ನು ಮಾತ್ರ ನೋಡುವ ಥರ್ಮೋಸ್ಟಾಟ್ ಒಣ ನೆಲವನ್ನು ದಿನಕ್ಕೆ 480 ಯೂನಿಟ್ ಸುಟ್ಟು ಕಾಯಿಸುತ್ತಲೇ ಇರುತ್ತದೆ.

ಅದನ್ನು ತೆಗೆದು ತೇವ ಪತ್ತೆ ಮಾಡುವ ಸೆನ್ಸರ್ ಮಾತ್ರ ಇಟ್ಟರೆ? ಜುಲೈ ತಿಂಗಳ ಮಳೆಗೂ ಹತ್ತಿಕೊಳ್ಳುತ್ತದೆ.

ಎರಡೂ ಪ್ರಶ್ನೆಗಳಿಗೆ ಒಟ್ಟಿಗೆ 'ಹೌದು' ಎಂಬ ಉತ್ತರ ಬರಬೇಕು. ಚಳಿ ಇದೆಯೇ? ತೇವ ಇದೆಯೇ? ಎರಡೂ ಇದ್ದರೆ ಬೀಳುತ್ತಿರುವುದು ಹಿಮ, ಇಲ್ಲವೇ ನೆಲ ಮುಟ್ಟಿದೊಡನೆ ಹೆಪ್ಪುಗಟ್ಟುವ ಮಳೆ. ಆಗ ಮಾತ್ರ ಕರೆಂಟ್. ಮಾರುಕಟ್ಟೆಯಲ್ಲಿರುವ ಸ್ವಯಂಚಾಲಿತ ಕಂಟ್ರೋಲರ್‌ಗಳ ಹೃದಯ ಇಷ್ಟೇ. ಮಿಕ್ಕಿದ್ದೆಲ್ಲ ಈ ಎರಡು ಉತ್ತರಗಳನ್ನು ಸುಳ್ಳಿಲ್ಲದೆ ಪಡೆಯುವ ಪ್ರಯತ್ನ.

ತೇವದ ಪ್ರಶ್ನೆಯಿಂದ ಶುರು ಮಾಡೋಣ, ಇದರಲ್ಲಿ ಒಂದು ಸೊಗಸಾದ ಉಪಾಯವಿದೆ. ಸೆನ್ಸರಿನ ಮೇಲ್ಭಾಗದಲ್ಲಿ ಒಂದಕ್ಕೊಂದು ತಾಗದಂತೆ ಲೋಹದ ಎರಡು ಪಟ್ಟಿಗಳಿರುತ್ತವೆ. ನಡುವೆ ನೀರಿನ ಹನಿ ಬಿದ್ದರೆ ಅದರ ಮೂಲಕ ಸಣ್ಣ ಕರೆಂಟ್ ಹರಿಯುತ್ತದೆ, ಏಕೆಂದರೆ ಮುಗಿಲಿನಿಂದ ಬಿದ್ದ ನೀರಿನಲ್ಲೂ ಧೂಳು, ಲವಣ ಒಂದಿಷ್ಟಾದರೂ ಸೇರಿರುತ್ತದೆ. ಆದರೆ ಬೀಳುವುದು ನೀರಲ್ಲವಲ್ಲ, ಹಿಮ. ಮೈನಸ್ ಎಂಟು ಡಿಗ್ರಿಯ ಒಣ ಹಿಮದ ಪುಡಿ ಆ ಪಟ್ಟಿಗಳ ಮೇಲೆ ರಾಶಿಬಿದ್ದರೂ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಸೆನ್ಸರಿನ ಹೊಟ್ಟೆಯಲ್ಲೊಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಮೊದಲ ಹರಳು ಬಿದ್ದ ಕೂಡಲೇ ಅದು ಅಲ್ಲೇ ಕರಗುತ್ತದೆ, ಹನಿಯಾಗುತ್ತದೆ, ಪಟ್ಟಿಗಳನ್ನು ಸೇರಿಸುತ್ತದೆ. ಇಡೀ ಡ್ರೈವ್‌ವೇಯಲ್ಲಿ ಮುಂದೆ ಆಗಬೇಕಾದದ್ದು ಅಂಗೈಗಿಂತ ಚಿಕ್ಕ ಜಾಗದಲ್ಲಿ ಮೊದಲೇ ಆಗಿಬಿಟ್ಟಿರುತ್ತದೆ. ಅದೇ ಹೀಟರ್ ಹಿಮ ನಿಂತ ಮೇಲೆ ಉಳಿದ ತೇವವನ್ನು ಒಣಗಿಸುತ್ತದೆ, ಹಾಗಾಗಿ ಹಿಮ ನಿಂತದ್ದೂ ಕಂಟ್ರೋಲರಿಗೆ ತಿಳಿಯುತ್ತದೆ. ಒಂದೇ ದಿಕ್ಕಿನಲ್ಲಿ ಸದಾ ಕರೆಂಟ್ ಹರಿಸಿದರೆ ಪಟ್ಟಿಗಳು ಸವೆಯುತ್ತವೆ. ದಿಕ್ಕು ಬದಲಿಸುವ ಎಸಿ ಕರೆಂಟಿನಿಂದ ಅಳೆದರೆ ಆ ತೊಂದರೆ ಇರುವುದಿಲ್ಲ.

ಉಷ್ಣತೆಗೆ ಬೇಕಾದದ್ದು ಥರ್ಮಿಸ್ಟರ್ ಎಂಬ ಕಾಳಿನಷ್ಟು ಚಿಕ್ಕ ಭಾಗ. ತಣ್ಣಗಾದಂತೆ ಅದರ ರೋಧ ಏರುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಬಗೆಯದು 25 ಡಿಗ್ರಿಯಲ್ಲಿ 10,000 ಓಮ್ ತೋರಿಸಿದರೆ ಸೊನ್ನೆ ಡಿಗ್ರಿಯಲ್ಲಿ ಸುಮಾರು 32,000 ಓಮ್ ತೋರಿಸುತ್ತದೆ. ಕಂಟ್ರೋಲರ್ ಆ ರೋಧವನ್ನು ಅಳೆದು ಡಿಗ್ರಿಗೆ ತಿರುಗಿಸಿಕೊಳ್ಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಥರ್ಮಿಸ್ಟರಿನ ತಂತಿಯನ್ನು ಇಲಿ ಕಡಿದರೆ ರೋಧ ಎಲ್ಲೆ ಮೀರಿ ಏರುತ್ತದೆ. ಪೆದ್ದು ಕಂಟ್ರೋಲರ್ ಅದನ್ನು 'ಭೀಕರ ಚಳಿ' ಎಂದು ಓದಿಕೊಳ್ಳುತ್ತದೆ. ಒಳ್ಳೆಯ ಕಂಟ್ರೋಲರ್ ಇಂಥ ಅಸಂಭವ ಅಂಕಿಯನ್ನು ಗುರುತಿಸಿ ದೋಷದ ದೀಪ ಹಚ್ಚುತ್ತದೆ. ನಿಮ್ಮ ಪೆಟ್ಟಿಗೆಯ ಕೈಪಿಡಿಯಲ್ಲಿ ಈ ದೀಪ ಯಾವುದೆಂದು ಮೊದಲು ಹುಡುಕಿಟ್ಟುಕೊಳ್ಳಿ.

ಯಾವ ಡಿಗ್ರಿಯಲ್ಲಿ 'ಚಳಿ ಇದೆ' ಎನ್ನಬೇಕು? ಸೊನ್ನೆ ಎಂದು ಎಲ್ಲರ ಬಾಯಿಗೂ ಬರುತ್ತದೆ. ಆದರೆ ಗಾಳಿ ಎರಡು ಡಿಗ್ರಿ ಇರುವಾಗಲೂ ಹಿಮ ಬೀಳುತ್ತದೆ. ಮೇಲಿನ ತಣ್ಣನೆಯ ಪದರದಿಂದ ಇಳಿದ ಹರಳಿಗೆ ಕರಗಲು ಸಮಯ ಸಾಲುವುದಿಲ್ಲ. ಗಾಳಿ ಒಣಗಿದ್ದರೆ ಹರಳಿನ ಮೇಲಿನ ತೇವ ಆವಿಯಾಗುತ್ತ ಅದನ್ನು ಇನ್ನಷ್ಟು ತಂಪಾಗಿಸುತ್ತದೆ. ಆದ್ದರಿಂದ ಅಮೆರಿಕದ ಕಂಟ್ರೋಲರ್‌ಗಳಲ್ಲಿ 38 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 3.3 ಸೆಲ್ಸಿಯಸ್ ಆಸುಪಾಸಿನಲ್ಲಿ ಗಡಿ ಇಡುವುದು ವಾಡಿಕೆ. ಈ ಗಡಿಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸುವ ತಿರುಪು ಇರುತ್ತದೆ. ಕರೆಂಟ್ ಉಳಿಸಲೆಂದು ಅದನ್ನು ಸೊನ್ನೆಗೆ ಇಳಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ, ಏಕೆಂದರೆ ಸೊನ್ನೆಯ ಸುತ್ತಮುತ್ತ ಬೀಳುವ ಒದ್ದೆ ಹಿಮವೇ ಎಲ್ಲಕ್ಕಿಂತ ಭಾರ, ಅದೇ ರಾತ್ರಿ ಗಾಜಿನಂತೆ ಗಟ್ಟಿಯಾಗುವುದು.

ಸೆನ್ಸರನ್ನು ಎಲ್ಲಿ ಇಡಬೇಕೆಂಬುದರ ಮೇಲೆ ಎರಡು ಪಂಗಡಗಳಿವೆ. ಒಂದನ್ನು ಕಂಬಕ್ಕೋ ಸೂರಿನ ಅಂಚಿಗೋ ಕಟ್ಟುತ್ತಾರೆ, ಅದು ಆಕಾಶ ನೋಡುತ್ತದೆ. ಇನ್ನೊಂದನ್ನು ಕಾಂಕ್ರೀಟಿನೊಳಗೆ, ಮೇಲ್ಮೈಗೆ ಸಮನಾಗಿ ಹೂಳುತ್ತಾರೆ, ಅದು ನೆಲ ನೋಡುತ್ತದೆ. ಆಕಾಶ ನೋಡುವುದನ್ನು ಹಾಕುವುದು ಸುಲಭ, ಹಳೆಯ ಡ್ರೈವ್‌ವೇಗೂ ಒಗ್ಗುತ್ತದೆ, ಮೊದಲ ಹರಳಿಗೇ ಎಚ್ಚರಾಗುತ್ತದೆ. ಆದರೆ ಬಿದ್ದು ಮುಗಿದ ಹಿಮ ಅದಕ್ಕೆ ಕಾಣದು. ಪಕ್ಕದ ಹೊಲದಿಂದ ಗಾಳಿ ತೂರಿ ತಂದು ಗುಡ್ಡೆ ಹಾಕಿದ ಹಿಮ, ಕಾರಿನ ಚಕ್ರಕ್ಕೆ ಅಂಟಿಕೊಂಡು ಬಂದ ರಸ್ತೆಯ ಕೆಸರು ಹಿಮ, ಇವು ಯಾವುವೂ ಕಂಬದ ಮೇಲೆ ಬೀಳುವುದಿಲ್ಲ. ನೆಲದ ಸೆನ್ಸರಿಗೆ ಇವೆಲ್ಲ ಕಾಣುತ್ತವೆ, ಕಾಂಕ್ರೀಟಿನ ನಿಜವಾದ ಉಷ್ಣತೆಯೂ ಅದಕ್ಕೆ ಗೊತ್ತು. ಅದರ ಮೇಲೆ ಕಾರು ನಿಲ್ಲಿಸಿದರೆ ಮಾತ್ರ ಅದು ಕುರುಡು. ಮರದ ಕೆಳಗೆ, ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿ ಹೊರಬರುವ ಕಿಂಡಿಯ ಬಳಿ, ಸೂರಿನ ನೀರು ತೊಟ್ಟಿಕ್ಕುವ ಕಡೆ ಯಾವ ಸೆನ್ಸರನ್ನೂ ಇಡಬಾರದು. 'ಸಿಸ್ಟಂ ಕೆಟ್ಟಿದೆ' ಎಂಬ ದೂರು ಬಂದಾಗ ನಾನಾದರೆ ತಂತಿ ಬಿಚ್ಚುವ ಮೊದಲು ಸೆನ್ಸರ್ ಇರುವ ಜಾಗವನ್ನೇ ನೋಡುತ್ತೇನೆ.

ಶುರು ಮಾಡುವುದು ಇಷ್ಟು. ನಿಲ್ಲಿಸುವುದು ಇದಕ್ಕಿಂತ ಕಷ್ಟ, ಹೊಸಬರು ಹೆಚ್ಚಾಗಿ ಗಮನಿಸದೆ ಹೋಗುವುದು ಇದನ್ನೇ. ಹಿಮ ನಿಂತಿತು, ಬಿಸಿಯಾಗಿರುವ ಸೆನ್ಸರ್ ಒಣಗಿತು, ಕಂಟ್ರೋಲರ್ ಕರೆಂಟ್ ಆರಿಸಿತು ಎನ್ನೋಣ. ಕಾಂಕ್ರೀಟಿನ ಮೇಲೆ ಇನ್ನೂ ಒಂದು ಪದರ ಹಿಮವಿದೆ, ತಗ್ಗಿನಲ್ಲಿ ನೀರು ನಿಂತಿದೆ. ಗಂಟೆ ಕಳೆಯುವುದರೊಳಗೆ ಆ ನೀರು ಹೆಪ್ಪುಗಟ್ಟಿ, ಕರಗಿಸದೆ ಬಿಟ್ಟಿದ್ದ ಹಿಮಕ್ಕಿಂತ ಹೆಚ್ಚು ಅಪಾಯವಾಗುತ್ತದೆ. ಹಿಮದ ಮೇಲೆ ಕಾಲಿಟ್ಟರೆ ಹೆಜ್ಜೆ ಮೂಡುತ್ತದೆ, ಗಾಜಿನಂಥ ಮಂಜುಗಡ್ಡೆಯ ಮೇಲಿಟ್ಟರೆ ಕಾಲು ಜಾರುತ್ತದೆ. ಅದಕ್ಕಾಗಿ ಸೆನ್ಸರ್ ಒಣಗಿದ ಮೇಲೂ ಕೆಲವು ಗಂಟೆ ಕರೆಂಟ್ ಉಳಿಯುವಂತೆ ಟೈಮರ್ ಇರುತ್ತದೆ. ಎಷ್ಟು ಹೊತ್ತು ಎಂಬುದನ್ನು ನೆಲವೇ ತೀರ್ಮಾನಿಸಬೇಕು. ಇಳಿಜಾರಾಗಿ ನೀರು ಬೇಗ ಹರಿದುಹೋಗುವ ಡ್ರೈವ್‌ವೇಗೆ ಒಂದೆರಡು ಗಂಟೆ ಸಾಕಾಗಬಹುದು. ಮನೆಯ ನೆರಳಿನಲ್ಲಿ ಚಪ್ಪಟೆಯಾಗಿ ಬಿದ್ದಿರುವ ಅಂಗಳಕ್ಕೆ ಹೆಚ್ಚು ಬೇಕು. ಮೊದಲ ಚಳಿಗಾಲದಲ್ಲಿ ಉದಾರವಾಗಿ ಇಟ್ಟು, ಪ್ರತಿ ಹಿಮಪಾತದ ನಂತರ ನೆಲ ನೋಡಿಕೊಂಡು ಸ್ವಲ್ಪ ಸ್ವಲ್ಪ ತಗ್ಗಿಸುತ್ತ ಬರುವುದು ಒಳ್ಳೆಯ ಕ್ರಮ.

ಇನ್ನು ಕಾಂಕ್ರೀಟಿನ ಸ್ವಭಾವ. ದಪ್ಪ ಕಲ್ಲಿನ ಕಾವಲಿಯಲ್ಲಿ ದೋಸೆ ಹುಯ್ದವರಿಗೆ ಇದು ಗೊತ್ತು. ಉರಿ ಹಚ್ಚಿದ ತಕ್ಷಣ ಕಾಯುವುದಿಲ್ಲ, ಆರಿಸಿದ ತಕ್ಷಣ ತಣಿಯುವುದೂ ಇಲ್ಲ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತದೆ. ಅದನ್ನು ಮೈನಸ್ ಎಂಟರಿಂದ ಎರಡು ಡಿಗ್ರಿಗೆ ತರಲು, ಒಂದಿಷ್ಟೂ ಶಾಖ ಸೋರದಿದ್ದರೂ, 400 ವ್ಯಾಟಿನಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಹಿಮ ಕೂತಿರುತ್ತದೆ. ಮನೆಯ ಡ್ರೈವ್‌ವೇಗೆ ಅದರಿಂದ ನಷ್ಟವೇನಿಲ್ಲ, ಬೆಳಿಗ್ಗೆಯ ಹೊತ್ತಿಗೆ ಕರಗಿದ್ದರಾಯಿತು. ಆಸ್ಪತ್ರೆಯ ಆಂಬುಲೆನ್ಸ್ ದಾರಿಗೆ, ಮಹಡಿ ಮೇಲಿನ ಹೆಲಿಪ್ಯಾಡಿಗೆ ಹಾಗೆ ಕಾಯಲು ಬರುವುದಿಲ್ಲ. ಅಲ್ಲಿ ಹಿಮವಿಲ್ಲದಾಗಲೂ ಕಾಂಕ್ರೀಟನ್ನು ಸೊನ್ನೆಯ ಸನಿಹದಲ್ಲೇ ಬೆಚ್ಚಗಿಟ್ಟು, ಹಿಮ ಶುರುವಾದೊಡನೆ ಪೂರ್ತಿ ಶಕ್ತಿ ಕೊಡುತ್ತಾರೆ. ಅಮೆರಿಕದಲ್ಲಿ ಚಾಪ್‌ಮನ್ ಮತ್ತು ಕಟುನಿಚ್ ಎಂಬವರು 1956ರಲ್ಲಿ ಹಿಮ ಕರಗಿಸಲು ಬೇಕಾದ ಶಾಖದ ಲೆಕ್ಕವನ್ನು ವ್ಯವಸ್ಥಿತವಾಗಿ ಬರೆದಿಟ್ಟರು. ಹಿಮ ಬೀಳುತ್ತಿರುವಾಗ ನೆಲದ ಎಷ್ಟು ಪಾಲು ಬರಿದಾಗಿ ಕಾಣಬೇಕು ಎಂಬ ಅನುಪಾತದ ಮೇಲೆ ಇಂದಿಗೂ ವಿನ್ಯಾಸ ನಡೆಯುತ್ತದೆ. ಪೂರ್ತಿ ಬರಿದಾಗಿರಬೇಕಾದರೆ ಅನುಪಾತ 1. ಬೀಳುವಾಗ ಮುಚ್ಚಿಕೊಂಡರೂ ಸರಿ, ಅಡಿಯಿಂದ ಕರಗುತ್ತಿದ್ದರೆ ಸಾಕು ಎನ್ನುವುದಾದರೆ 0. ನಿಮ್ಮ ಮನೆಗೆ 1 ಬೇಕೆಂದು ಮಾರಾಟಗಾರ ಒತ್ತಾಯಿಸಿದರೆ, ಯಾಕೆಂದು ಕೇಳಿ.

ಕಾಂಕ್ರೀಟಿನ ಉಷ್ಣತೆ ಅಳೆಯುವ ಸೆನ್ಸರ್ ಇದ್ದರೆ ಇನ್ನೊಂದು ಉಳಿತಾಯವೂ ಸಿಗುತ್ತದೆ. ಹಿಮ ಬೀಳುತ್ತಲೇ ಇದ್ದರೂ ನೆಲ ಮೂರು ನಾಲ್ಕು ಡಿಗ್ರಿ ಮುಟ್ಟಿದ್ದರೆ ಅದಕ್ಕಿಂತ ಹೆಚ್ಚಿಗೆ ಕಾಯಿಸುವುದು ದಂಡ. ಆಗ ಕರೆಂಟ್ ಆರುತ್ತದೆ, ನೆಲ ಒಂದೆರಡು ಡಿಗ್ರಿ ಇಳಿದ ಮೇಲೆ ಮತ್ತೆ ಹತ್ತುತ್ತದೆ. ಹತ್ತುವ ಮತ್ತು ಆರುವ ಡಿಗ್ರಿಗಳ ನಡುವೆ ಈ ಅಂತರ ಇಡದಿದ್ದರೆ ಸ್ವಿಚ್ ನಿಮಿಷಕ್ಕೊಮ್ಮೆ ಬಡಿದುಕೊಳ್ಳುತ್ತ ಬೇಗ ಸುಟ್ಟುಹೋಗುತ್ತದೆ. ಕೆಳಗಿನ ಕಡೆಯೂ ಒಂದು ಗಡಿ ಇಡುವುದುಂಟು. ತೀರ ಚಳಿಯಲ್ಲಿ ಕೇಬಲ್ ಕೊಡುವ ಶಾಖ ಸಾಲದೆ, ಅರೆಬರೆ ಕರಗಿದ ನೀರು ಅಂಚುಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಅಂಥ ಹೊತ್ತಿನಲ್ಲಿ ಸಿಸ್ಟಂ ಸುಮ್ಮನಿರುವುದೇ ವಾಸಿ. ಆ ಚಳಿಯಲ್ಲಿ ಬೀಳುವ ಹಿಮ ಸಾಮಾನ್ಯವಾಗಿ ಹಗುರವಾದ ಪುಡಿ, ಪೊರಕೆಯಲ್ಲೇ ಗುಡಿಸಬಹುದು.

ಪೆಟ್ಟಿಗೆ ತೀರ್ಮಾನ ಕೊಟ್ಟ ಮೇಲೆ ಕರೆಂಟ್ ಹರಿಸುವುದು ಬೇರೆಯದೇ ಭಾಗ. ಉತ್ತರ ಅಮೆರಿಕದ ಮನೆಗಳ 240 ವೋಲ್ಟಿನಲ್ಲಿ 20 ಕಿಲೋವ್ಯಾಟ್ ಎಂದರೆ 83 ಆಂಪಿಯರ್. ಕಂಟ್ರೋಲರಿನೊಳಗಿನ ಪುಟ್ಟ ರಿಲೇ ಅಷ್ಟನ್ನು ತಾಳಲಾರದು. ಅದು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿನ ಕಾಯಿಲ್‌ಗೆ ಸಣ್ಣ ಸನ್ನೆ ಕೊಡುತ್ತದೆ. ಕಾಯಿಲ್ ಎಳೆದಾಗ ಕಾಂಟ್ಯಾಕ್ಟರಿನ ದಪ್ಪ ತುದಿಗಳು ಕೂಡಿಕೊಂಡು ಕೇಬಲ್‌ಗೆ ಕರೆಂಟ್ ಹೋಗುತ್ತದೆ. ನಮ್ಮೂರ ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿರುವುದೂ ಇದೇ ಕಾಂಟ್ಯಾಕ್ಟರ್. ಒದ್ದೆ ನೆಲದಲ್ಲಿ ಕರೆಂಟ್ ಇರುವುದರಿಂದ ಸೋರಿಕೆ ಹಿಡಿಯುವ ಬ್ರೇಕರ್ ಇರಲೇಬೇಕು. ಅಮೆರಿಕದ ವಿದ್ಯುತ್ ನಿಯಮಾವಳಿಯಲ್ಲಿ ಇದಕ್ಕೆಂದೇ 426ನೇ ವಿಧಿ ಇದೆ. ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿದರೆ ಬ್ರೇಕರ್ ಬೀಳುತ್ತದೆ. ಹಾಗೆ ಬಿದ್ದಾಗ ಮತ್ತೆ ಮತ್ತೆ ಎತ್ತಿ ಹಾಕಬೇಡಿ, ಅದು ಸುಮ್ಮನೆ ಬೀಳುವಂಥದ್ದಲ್ಲ. ಕಾಂಕ್ರೀಟ್ ಹಾಕುವ ದಿನ ಸಲಿಕೆಯ ತುದಿ ತಾಗಿ ಕೇಬಲಿನ ಹೊದಿಕೆ ಗೀರಿದ್ದರೂ ವರ್ಷಗಳ ನಂತರ ಇಲ್ಲಿ ಬಂದು ಕಾಣಿಸಿಕೊಳ್ಳುತ್ತದೆ.

ಸೂರಿನ ದೋಣಿಗೆ ಹಾಕುವ ಕೇಬಲ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದರಲ್ಲಿ ಎರಡು ತಂತಿಗಳ ನಡುವೆ ಇಂಗಾಲದ ಕಣಗಳನ್ನು ಬೆರೆಸಿದ ಪ್ಲಾಸ್ಟಿಕ್ ತುಂಬಿರುತ್ತದೆ. ತಣ್ಣಗಿದ್ದಾಗ ಕಣಗಳು ಒತ್ತಾಗಿದ್ದು ಕರೆಂಟ್ ಚೆನ್ನಾಗಿ ಹರಿಯುತ್ತದೆ. ಬಿಸಿಯಾದಂತೆ ಪ್ಲಾಸ್ಟಿಕ್ ಹಿಗ್ಗಿ ಕಣಗಳ ನಂಟು ಕಡಿದು ಕರೆಂಟ್ ತಾನಾಗಿ ತಗ್ಗುತ್ತದೆ. ಹಿಮದಲ್ಲಿ ಹೂತ ಭಾಗ ಹೆಚ್ಚು ಕಾಯುತ್ತದೆ, ಪಕ್ಕದ ಒಣ ಭಾಗ ಕಡಿಮೆ. ಪ್ರತಿ ಗೇಣು ಕೇಬಲ್ ತನ್ನ ಸೆನ್ಸರ್ ತಾನೇ ಆಗಿರುವ ಈ ಯುಕ್ತಿ ನನಗೆ ಬಹಳ ಮೆಚ್ಚು. ಆದರೂ ಕರೆಂಟ್ ಪೂರ್ತಿ ಸೊನ್ನೆಗೆ ಇಳಿಯುವುದಿಲ್ಲ, ಆದ್ದರಿಂದ ಅದಕ್ಕೂ ಮೇಲೊಂದು ಕಂಟ್ರೋಲರ್ ಬೇಕು.

ಈಚೆಗೆ ಇಂಟರ್ನೆಟ್ಟಿನಿಂದ ಹವಾಮಾನ ಮುನ್ಸೂಚನೆ ಪಡೆದು ಹಿಮ ಬರುವ ಮುಂಚೆಯೇ ನೆಲ ಕಾಯಿಸುವ ಕಂಟ್ರೋಲರ್‌ಗಳೂ ಬಂದಿವೆ. ಕಾಂಕ್ರೀಟಿನ ನಿಧಾನಕ್ಕೆ ಇದು ಒಳ್ಳೆಯ ಮದ್ದು. ಆದರೆ ಮುನ್ಸೂಚನೆ ಊರಿಗೆಲ್ಲ ಒಂದೇ. ಮಿಷಿಗನ್ ಸರೋವರದ ತೇವ ಹೀರಿ ಬರುವ ಹಿಮದ ಮೋಡಗಳು ಒಂದು ಬಡಾವಣೆಯನ್ನು ಹೂತುಹಾಕಿ ಪಕ್ಕದ್ದನ್ನು ಬಿಟ್ಟುಹೋಗುವುದುಂಟು. ಮುನ್ಸೂಚನೆಯನ್ನು ಸೆನ್ಸರಿನ ಜೊತೆಗೆ ಬಳಸಬೇಕು, ಸೆನ್ಸರಿನ ಬದಲಿಗೆ ಬೇಡ.

ಅಕ್ಟೋಬರಿನಲ್ಲಿ, ಹಿಮ ಶುರುವಾಗುವ ಮೊದಲು, ಒಂದು ಪರೀಕ್ಷೆ ಮಾಡಿಕೊಳ್ಳಿ. ಸೆನ್ಸರಿನ ಮುಖದ ಮೇಲಿನ ಎಲೆ, ಧೂಳು, ಉಪ್ಪಿನ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಉಪ್ಪು ಉಳಿದರೆ ಅದು ತೇವ ಹಿಡಿದಿಟ್ಟುಕೊಂಡು ಹಿಮ ನಿಂತ ಮೇಲೂ 'ಒದ್ದೆ' ಎನ್ನುತ್ತಲೇ ಇರುತ್ತದೆ. ಗಾಳಿ ಮೂರು ಡಿಗ್ರಿಗಿಂತ ಕೆಳಗಿರುವ ಒಂದು ಬೆಳಿಗ್ಗೆ ಪಟ್ಟಿಗಳ ಮೇಲೆ ನಾಲ್ಕು ಹನಿ ನಲ್ಲಿ ನೀರು ಬಿಡಿ. ಪೆಟ್ಟಿಗೆಯ ಹಿಮದ ದೀಪ ಹೊತ್ತಿ, ಕಾಂಟ್ಯಾಕ್ಟರ್ ಟಕ್ಕೆಂದು ಕೂಡಿಕೊಳ್ಳಬೇಕು. ಎಲೆಕ್ಟ್ರಿಷಿಯನ್ ಬಂದಿದ್ದರೆ ಕ್ಲಾಂಪ್ ಮೀಟರ್ ಹಾಕಿ ಆಂಪಿಯರ್ ನೋಡಲಿ, ಮೆಗ್ಗರ್ ಹಿಡಿದು ಕೇಬಲಿನ ಇನ್ಸುಲೇಶನ್ ಅಳೆಯಲಿ, ಎರಡನ್ನೂ ಪೆಟ್ಟಿಗೆಯ ಬಾಗಿಲ ಒಳಮೈಗೆ ಚೀಟಿ ಅಂಟಿಸಿ ಬರೆದಿಡಲಿ. ಮುಂದಿನ ವರ್ಷ ಆಂಪಿಯರ್ ಕಡಿಮೆ ಬಂದರೆ ಎಲ್ಲೋ ಒಂದು ಸುತ್ತು ಕೇಬಲ್ ತುಂಡಾಗಿದೆ. ಇನ್ಸುಲೇಶನ್ ಅಂಕಿ ಕುಸಿದಿದ್ದರೆ ನೀರು ಒಳಹೊಕ್ಕಿದೆ. ನೆಲ ಬಿಚ್ಚಿ ಸರಿಪಡಿಸುವ ಕೆಲಸವನ್ನು ಹಿಮ ಬೀಳುವ ಮುಂಚೆ ಮಾಡಿಸಬೇಕು. ಜನವರಿಯಲ್ಲಿ ಗಟ್ಟಿಯಾದ ನೆಲ ಅಗೆಯಲು ಯಾರೂ ಸಿಗುವುದಿಲ್ಲ.